ಬಾಯಿಲ್ಲದ ಮೊಗ್ಗು

ಮೊನ್ನೆ ಪಕ್ಕದ ಮನೆಯ ಹುಡುಗಿ ನಮ್ಮ ಜಗಲಿಯಲ್ಲಿ ಕೂತು ಬ್ಲೇಡಿನಿಂದ ದಾಸವಾಳ ಸೀಳುತ್ತಿದ್ದಳು. "ಅಜ್ಜಿ, ಬುಡದಲ್ಲಿ ಗುಂಡಗಿದ್ಯಲ್ಲ, ಇದೇನು?" ಎಂದಳು. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದನ್ನು ಹೇಳಬೇಕಾದವಳು ನಮ್ಮಕ್ಕ. ಫೋನ್ ಕೈಗೆತ್ತಿಕೊಂಡೆ. ಯಾಕೆ ಅಂತೀರಾ?

ಎಪ್ಪತ್ತರ ದಶಕದ ರಾಜಾಜಿನಗರ. ಅಕ್ಕನದು ಬಿ.ಎಸ್ಸಿ. ಕೊನೆಯ ವರ್ಷ. ಹೈಸ್ಕೂಲಿನಲ್ಲಿ ಮೇಡಂ ಆಗಬೇಕೆಂಬ ಒಂದೇ ಆಸೆ. ಅದಕ್ಕಾಗಿ ನನ್ನನ್ನು ಕೂರಿಸಿಕೊಂಡು, ಹೀಗೇ ದಾಸವಾಳ ಸೀಳಿ ತೋರಿಸಿ ಪಾಠ ಮಾಡುತ್ತಿದ್ದಳು. ನಾನೋ ಶತದಡ್ಡಿ, ಆಕಳಿಸುತ್ತಿದ್ದೆ. ಅವಳು ಬರೆದಿದ್ದ ಚಿತ್ರಗಳಲ್ಲಿ ಒಬೀಲಿಯಾ ಎಂಬ ಕಡಲಜೀವಿಯೊಂದಿತ್ತು. ನೋಡಲು ಥೇಟ್ ಬಳ್ಳಿ, ಮೊಗ್ಗು. ಅಮ್ಮ ಬಳ್ಳಿಯೆಂದೇ ತಿಳಿದು, ಗಂಡಿನವರು ಹೆಣ್ಣು ನೋಡಲು ಬಂದ ದಿನ ಬಾಗಿಲಲ್ಲಿ ಅದನ್ನೇ ರಂಗೋಲಿ ಹಾಕಿಬಿಟ್ಟಳು!

ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. "ಹುಡುಗಿಗೆ ಬಾಯೇ ಇಲ್ಲ, ನಮಗೂ ಅಂಥವಳೇ ಬೇಕಿತ್ತು" ಎಂದು ಗಂಡಿನ ತಾಯಿ ಮೆಚ್ಚಿಕೊಂಡರು. ಹೊರಡುವಾಗ, "ರಂಗೋಲಿ ಬಳ್ಳಿ ಎಷ್ಟು ಲಕ್ಷಣವಾಗಿದೆ" ಎಂದರು. ಅಕ್ಕನ ಮೈಮೇಲೆ ಮೇಡಂ ಬಂದಳು.

"ಬಳ್ಳಿ ಅಲ್ಲಮ್ಮ, ಸಮುದ್ರದ ಪ್ರಾಣಿ. ಹೂವಿನ ಥರ ಇರೋವು ಊಟ ಮಾಡತ್ವೆ. ಈ ಹೂಜಿ ಥರದ ಮೊಗ್ಗಲ್ಲಿ ಮರಿ ಆಗತ್ತೆ. ಪಾಪ, ಅದಕ್ಕೆ ಬಾಯೇ ಇರಲ್ಲ. ಮರಿ ಮಾಡೋದೊಂದೇ ಕೆಲಸ."

ಗಂಡಸರೆಲ್ಲ ಚಪ್ಪಲಿ ಹುಡುಕತೊಡಗಿದರು. "ಹುಡುಗಿಗೆ ಬಾಯಿ ಜಾಸ್ತಿ" ಎಂದು ಆಕೆ ಮುಖ ಗಂಟಿಕ್ಕಿಕೊಂಡು ನಡೆದರು. ಸಂಬಂಧ ಮುರಿಯಿತು.

"ಗಂಡಸರ ಮುಂದೆ ಮರಿ ಗಿರಿ ಅಂತ ಮಾತು! ಓದಿ ಉದ್ಧಾರ ಆಗಿದ್ದು ಸಾಕು. ನಾಳೆಯಿಂದ ಕಾಲೇಜು ಬೇಡ" ಎಂದರು ಅಪ್ಪ. "ಇದೊಂದು ಪರೀಕ್ಷೆ ಬರೀತೀನಪ್ಪಾ" ಎಂದು ಅಕ್ಕ ಕಾಲು ಹಿಡಿದಳು. ಅಪ್ಪ ಪೇಪರ್ ಓದುತ್ತಲೇ ಇದ್ದರು. ಅಮ್ಮ ರಂಗೋಲಿಗೆ ನೀರು ಹೊಯ್ದು ಬಂದಳು.

ಆ ವರ್ಷವೇ ಅವಳನ್ನು ಗೋವಿಂದರಾಜನಗರದ ಪಾತ್ರೆ ಅಂಗಡಿಯವರಿಗೆ ಕೊಟ್ಟರು. ಭಾವ ಕೆಟ್ಟವರಲ್ಲ, ಓದು ಮಾತ್ರ ಅವರಿಗೆ ಎಂದೂ ಹತ್ತಲಿಲ್ಲ. ಅಕ್ಕ ಸಾಧು, ಎದುರು ಮಾತಾಡುವವಳಲ್ಲ ಎಂದು ಅತ್ತೆಮನೆಯಲ್ಲಿ ಹೆಸರಾಯಿತು. ಬೆಂಕಿ ಬೀಳಲಿ ಆ ಹೆಸರಿಗೆ.

ಮೊನ್ನೆ ಫೋನಿನಲ್ಲಿ ಹುಡುಗಿಯ ಪ್ರಶ್ನೆಯನ್ನು ಹಾಗೇ ಕೇಳಿದೆ.

"ನಂಗೇನ್ ಗೊತ್ತಾಗತ್ತೆ ಕಣೇ? ತಾಳು, ಇವರನ್ನ ಕೇಳಿ ಹೇಳ್ತೀನಿ."

ಫೋನ್ ಇಟ್ಟೆ. "ಅದು ಅಂಡಾಶಯ ಕಣಮ್ಮ" ಎಂದೆ, ಎದುರುಮನೆಯವರಿಗೂ ಕೇಳುವಷ್ಟು ಜೋರಾಗಿ.