ವಾಪಸ್ ಬಾರದ ಹತ್ತನೇ ಕನೆಕ್ಷನ್

ದೆವ್ವ, ಶಕುನ, ಕಣಿ ಇಂಥದ್ದರ ಮಾತು ಬಂದರೆ ಎದ್ದು ಹೋಗಿ ಟೀ ಮಾಡಿಕೊಂಡು ಬರುವವಳು ನಾನು. ಗದಗದಲ್ಲಿ ನಮ್ಮ ಅವ್ವ ಬೆಕ್ಕು ಅಡ್ಡ ಬಂದರೆ ನಿಂತು, ನಾಲ್ಕು ಮಂದಿ ದಾಟಿದ ಮೇಲೆ ಹೋಗುತ್ತಿದ್ದಳು. ನಾನು ಅವಳ ಎದುರಿಗೇ ಬೇಕಂತ ದಾಟುತ್ತಿದ್ದೆ. ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೇಲಂತೂ ಈ ಹಟ ಇನ್ನೂ ಗಟ್ಟಿಯಾಯಿತು. ಯಂತ್ರ ಎಡವಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ. ಈಗಲೂ ಹೆಚ್ಚುಕಮ್ಮಿ ಹಾಗೇ ನಂಬಿದ್ದೇನೆ. ಆದರೆ ಪುಟ್ಟೇನಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದಾಗ ನಡೆದ ಒಂದು ಸಂಗತಿ ಆ ನಂಬಿಕೆಯೊಳಗೆ ಎಷ್ಟು ತುರುಕಿದರೂ ಕೂರುವುದಿಲ್ಲ. ಅದು ನಡೆದ ಹಾಗೇ ಬರೆಯುತ್ತೇನೆ. ಓದಿದವರು ನಗಾಡಿದರೆ ನನಗೆ ಬೇಸರವಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ನಾನು ಬಿ.ಟಿ.ಎಂ. ಲೇಔಟಿನಲ್ಲಿ ಒಂದು ರೂಮು ಮಾಡಿಕೊಂಡು, ದಿನಾ ಬಸ್ಸು ಹಿಡಿದು ಪುಟ್ಟೇನಹಳ್ಳಿ ಕೆರೆಯ ಹತ್ತಿರದ ಆಫೀಸಿಗೆ ಹೋಗುತ್ತಿದ್ದೆ. ಆಫೀಸು ಅಂದರೆ ಒಂದು ಮನೆಯ ಎರಡನೇ ಮಹಡಿ. ಕೆಳಗೆ ಮನೆಯ ಯಜಮಾನರು ಮುನಿಸ್ವಾಮಪ್ಪನವರ ಸಂಸಾರ. ಆ ಜಾಗದಲ್ಲಿ ಒಂದು ಕಾಲಕ್ಕೆ ಅವರದೇ ರಾಗಿ ಹೊಲ ಇತ್ತಂತೆ. ನಮ್ಮ ಬಾಸ್ ಹೆಚ್ಚಾಗಿ ಹೊರಗೇ ಓಡಾಡುತ್ತಿದ್ದರು. ಆಫೀಸಿನಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಗಿರೀಶ. ಗಿರೀಶ ಜಯನಗರದಲ್ಲೇ ಹುಟ್ಟಿ ಬೆಳೆದವನು, ನನ್ನ ವಯಸ್ಸಿನವನೇ, ಯಾವುದಕ್ಕೂ ತಲೆ ಬಿಸಿ ಮಾಡಿಕೊಳ್ಳದ ಮನುಷ್ಯ.

ಚಿಕ್ಕ ಚಿಕ್ಕ ಸಂಸ್ಥೆಗಳಿಗೆ ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆದು ನಮ್ಮ ಒಂದೇ ಸರ್ವರಿನಲ್ಲಿ ನಡೆಸುವುದು ನಮ್ಮ ಕೆಲಸ. ಒಂದು ಕಲ್ಯಾಣ ಮಂಟಪದ್ದು, ಒಂದು ಶಾಲೆಯದ್ದು, ಒಂದು ಲೈಬ್ರರಿಯದ್ದು, ಹೀಗೆ ಆರು ಇದ್ದವು. ಆರನೆಯದು ರಕ್ತದಾನಿಗಳ ಪಟ್ಟಿ. ಅದನ್ನು ನೋಡಿಕೊಳ್ಳುತ್ತಿದ್ದವರು ಸರೋಜಾ ಮೇಡಂ, ಜಯನಗರದ ನಿವೃತ್ತ ಟೀಚರ್. ಯಾರಿಗಾದರೂ ತುರ್ತಾಗಿ ರಕ್ತ ಬೇಕಾದರೆ ಆಸ್ಪತ್ರೆಯಿಂದ ಅವರಿಗೆ ಫೋನು ಬರುತ್ತಿತ್ತು. ಅವರು ನಮ್ಮ ಪಟ್ಟಿಯಲ್ಲಿ ಹತ್ತಿರದ ದಾನಿ ಯಾರೆಂದು ನೋಡಿ ಕರೆಯುತ್ತಿದ್ದರು.

ಆರೂ ಅಪ್ಲಿಕೇಶನ್‌ಗಳ ಮಾಹಿತಿ ಒಂದೇ ಡೇಟಾಬೇಸಿನಲ್ಲಿತ್ತು. ಮೊದಲು ಪ್ರತಿಯೊಂದೂ ತನಗೆ ಬೇಕಾದಷ್ಟು ಕನೆಕ್ಷನ್, ಅಂದರೆ ಡೇಟಾಬೇಸಿಗೆ ಹೋಗಿಬರುವ ದಾರಿ, ತಾನೇ ತೆಗೆದುಕೊಂಡು ಕೂರುತ್ತಿತ್ತು. ಬೀದಿಯಲ್ಲಿ ಪ್ರತಿ ಮನೆಯವರೂ ಒಂದೊಂದು ಬೋರ್‌ವೆಲ್ ಕೊರೆಸಿದರೆ ಏನಾಗುತ್ತದೋ ಅದೇ ಆಗುತ್ತಿತ್ತು, ವಾರಕ್ಕೆರಡು ಸಲ ಎಲ್ಲವೂ ಒಣಗಿ ನಿಲ್ಲುತ್ತಿತ್ತು. ಇದನ್ನು ಸರಿಮಾಡುವ ಕೆಲಸ ನನಗೆ ಬಂತು. ನಾನು ಸರ್ವರಿನ ಮುಖ್ಯ ಫೈಲಿನಲ್ಲಿ ಎಲ್ಲರಿಗೂ ಸೇರಿ ಒಂದೇ ಪೂಲ್ ಬರೆದೆ. ಅದರಲ್ಲಿ ಹತ್ತು ಕನೆಕ್ಷನ್. ಯಾವ ಅಪ್ಲಿಕೇಶನ್ನಿಗೆ ಬೇಕೋ ಅದು ಪೂಲಿನಿಂದ ಒಂದನ್ನು ಕಡ ಪಡೆಯಬೇಕು, ಕೆಲಸ ಮುಗಿದ ತಕ್ಷಣ ವಾಪಸ್ ಕೊಡಬೇಕು. ಕೊಡಲು ಮರೆತರೆ ಐದು ನಿಮಿಷದಲ್ಲಿ ಸರ್ವರ್ ತಾನೇ ಕಿತ್ತುಕೊಂಡು, ಮರೆತವರ ಹೆಸರನ್ನು ಲಾಗ್ ಎಂಬ ತನ್ನ ದಿನಚರಿ ಫೈಲಿನಲ್ಲಿ ಬರೆಯುವಂತೆಯೂ ಮಾಡಿದೆ. ಆ ವಾರ ಒಮ್ಮೆಯೂ ಸರ್ವರ್ ನಿಲ್ಲಲಿಲ್ಲ. ಬಾಸ್ ಮಸಾಲೆ ದೋಸೆ ತರಿಸಿದರು.

ಮುಂದಿನ ಸೋಮವಾರ ಮಧ್ಯಾಹ್ನ ಸರೋಜಾ ಮೇಡಂ ಫೋನ್ ಮಾಡಿದರು. "ವಿಲ್ಸನ್ ಗಾರ್ಡನ್‌ನಲ್ಲಿ ಒಬ್ಬರ ಫೋನ್ ನಂಬರ್ ಬದಲಾಗಿದೆ ಕಣಮ್ಮ. ಹೊಸದು ಹಾಕಿದ್ರೆ ಸೇವ್ ಆಗ್ತಾನೇ ಇಲ್ಲ. ಬೇರೆಯವರದ್ದೆಲ್ಲಾ ಆಗ್ತಿದೆ."

ನೋಡಿದೆ. ಹತ್ತರಲ್ಲಿ ಒಂದು ಕನೆಕ್ಷನ್ ವಾಪಸ್ ಬಂದಿರಲಿಲ್ಲ. ಅದು ಹಿಂದಿನ ದಿನದಿಂದ ಆ ವಿಲ್ಸನ್ ಗಾರ್ಡನ್ನಿನವರ ಹೆಸರಿದ್ದ ಒಂದು ಸಾಲನ್ನು ಹಿಡಿದುಕೊಂಡಿತ್ತು. ಒಬ್ಬರು ಒಂದು ದಾಖಲೆ ತಿದ್ದುತ್ತಿರುವಾಗ ಇನ್ನೊಬ್ಬರು ಅದರಲ್ಲಿ ಕೈ ಹಾಕದಂತೆ ಡೇಟಾಬೇಸ್ ತಡೆಯುವುದು ಮಾಮೂಲಿ. ಆದರೆ ಇದು ಏನನ್ನೂ ತಿದ್ದುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿತ್ತು. ಯಾರು ಕಡ ಪಡೆದದ್ದು ಎಂದು ಲಾಗ್ ತೆರೆದರೆ ಅಲ್ಲಿ ಒಂದಕ್ಷರವೂ ಇರಲಿಲ್ಲ. ಪೂಲಿನ ಲೆಕ್ಕದ ಪ್ರಕಾರ ಯಾರೂ ಏನೂ ಪಡೆದಿಲ್ಲ. ಕೊಟ್ಟೇ ಇಲ್ಲದ್ದನ್ನು ಅದು ಕಿತ್ತುಕೊಳ್ಳುವುದಾದರೂ ಹೇಗೆ? ನನ್ನದೇ ಏನೋ ತಪ್ಪಿರಬೇಕು ಎಂದುಕೊಂಡು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಅದು ತಾನಾಗಿಯೇ ಬಿಟ್ಟುಕೊಟ್ಟಿತ್ತು. ಸಂತೋಷದಿಂದ ಮೇಡಂಗೆ ಫೋನ್ ಮಾಡಿದೆ.

"ಇನ್ನು ಬೇಡ ಬಿಡಮ್ಮ," ಎಂದರು. "ಅವರ ತಮ್ಮ ಈಗಷ್ಟೇ ಫೋನ್ ಮಾಡಿದ್ರು. ರಾತ್ರಿ ಹೋಗ್ಬಿಟ್ರಂತೆ. ಆ ಹೆಸರು ತೆಗೆದುಬಿಡು."

ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚಿನದೇನೂ ನನ್ನ ತಲೆಗೆ ಬರಲಿಲ್ಲ.

ಹತ್ತು ದಿನ ಬಿಟ್ಟು ಮತ್ತೆ ಒಂಬತ್ತೇ ಕನೆಕ್ಷನ್ ಉಳಿದವು. ಈ ಸಲ ಹಿಡಿದದ್ದು ಕುಮಾರಸ್ವಾಮಿ ಲೇಔಟಿನ ಒಬ್ಬ ಹೆಂಗಸಿನ ಸಾಲನ್ನು. ಗಿರೀಶನನ್ನು ಕರೆದೆ. ಇಬ್ಬರೂ ಸೇರಿ ಆರು ಅಪ್ಲಿಕೇಶನ್‌ಗಳನ್ನು ಒಂದಾದ ಮೇಲೊಂದು ನಿಲ್ಲಿಸಿದೆವು. ಕೊನೆಗೆ ರಕ್ತದಾನಿಗಳದ್ದನ್ನೂ ನಿಲ್ಲಿಸಿದೆವು. ಈಗ ಆ ಪೂಲನ್ನು ಬಳಸುವವರೇ ಯಾರೂ ಇಲ್ಲ. ಆದರೂ ಆ ಒಂದು ಕನೆಕ್ಷನ್ ಆ ಹೆಂಗಸಿನ ಹೆಸರನ್ನು ಹಿಡಿದುಕೊಂಡೇ ಇತ್ತು. ಗಿರೀಶ ಹೊಸ ದೋಷ, ಹೊಸ ಬಗ್ ಸಿಕ್ಕಿತೆಂದು ಖುಷಿಯಲ್ಲೇ ಇದ್ದ. ಮೂರನೆಯ ದಿನ ಅದು ಬಿಟ್ಟಿತು. ಅದೇ ಸಂಜೆ ಸರೋಜಾ ಮೇಡಂ ಆ ಹೆಸರನ್ನು ತೆಗೆಯಲು ಹೇಳಿದರು.

ನಾನು ಗಿರೀಶನ ಮುಖ ನೋಡಿದೆ. ಅವನು, "ಕೋಇನ್ಸಿಡೆನ್ಸ್ ಗುರು," ಎಂದ. "ಅಷ್ಟು ದೊಡ್ಡ ಲಿಸ್ಟಲ್ಲಿ ಯಾರಾದ್ರೂ ಹೋಗ್ತಾನೇ ಇರ್ತಾರೆ. ನೀನು ಅದನ್ನೇ ನೋಡ್ತಾ ಕೂತಿದೀಯ, ಅದಕ್ಕೆ ಹಾಗನ್ಸುತ್ತೆ."

ಅವನ ಮಾತು ಸರಿಯೇ. ನಾನೂ ಹಾಗೇ ಹೇಳುತ್ತಿದ್ದೆ. ಆದರೂ ಅಂದಿನಿಂದ ಬೆಳಿಗ್ಗೆ ಆಫೀಸಿಗೆ ಬಂದು ಚಪ್ಪಲಿ ಬಿಡುವ ಮೊದಲೇ ಕಣ್ಣು ಸ್ಕ್ರೀನಿನ ಕಡೆ ಹೋಗುತ್ತಿತ್ತು. ಹತ್ತು ಅಂತ ಕಂಡರೆ ಆ ದಿನ ಊಟ ಸೇರುತ್ತಿತ್ತು.

ಒಂದು ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬಂದಾಗ ಒಂಬತ್ತು ಇತ್ತು. ಸಾಲನ್ನು ತೆರೆದೆ. ಪುಟ್ಟೇನಹಳ್ಳಿ, ವಯಸ್ಸು ಇಪ್ಪತ್ತೊಂಬತ್ತು, ಲತಾ. ನಮ್ಮ ಮನೆ ಯಜಮಾನರ ಸೊಸೆ.

ಲತಾ ಬಗ್ಗೆ ಇಲ್ಲಿ ಹೇಳಬೇಕು. ನಮ್ಮ ಆಫೀಸಿನ ಬಾಗಿಲ ಮುಂದಿನ ತಾರಸಿಯಲ್ಲೇ ಅವಳು ಬಟ್ಟೆ ಒಣಗಿಸುತ್ತಿದ್ದಳು. ಇಬ್ಬರು ಚಿಕ್ಕ ಹೆಣ್ಣುಮಕ್ಕಳು ಅವಳ ಸೆರಗು ಹಿಡಿದು ಮೇಲೆ ಬರುತ್ತಿದ್ದವು. ನಾನು ಊರು ಬಿಟ್ಟು ಬಂದವಳೆಂದು ಹಬ್ಬದ ದಿನ ಎಲೆ ಹಾಕಿ ಕರೆಯುತ್ತಿದ್ದಳು. ಸರೋಜಾ ಮೇಡಂ ನಮ್ಮ ಬೀದಿಯಲ್ಲಿ ಶಿಬಿರ ಮಾಡಿದಾಗ ಅವಳು ಸೂಜಿಗೆ ಹೆದರಿ ಹಿಂದೆ ನಿಂತಿದ್ದಳು. ಕೈ ಹಿಡಿದು ಕರೆದುಕೊಂಡು ಹೋಗಿ ಆ ಪಟ್ಟಿಯಲ್ಲಿ ಅವಳ ಹೆಸರು ಬರೆಸಿದವಳು ನಾನೇ.

ಆ ಹೊತ್ತಿನಲ್ಲಿ ಅವಳು ಹೊರಗೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕಿಟಕಿಯಿಂದ ಕಾಣುತ್ತಿದ್ದಳು. "ಕಾಫಿ ತರ್ಲಾ ಮೇಡಂ?" ಎಂದು ಅಲ್ಲಿಂದಲೇ ಕೇಳಿದಳು. ಗಿರೀಶ, "ಬೇಡ ಅಕ್ಕ, ಈಗಷ್ಟೇ ಆಯ್ತು," ಎಂದ. ಆಮೇಲೆ ನನ್ನ ಹಿಂದೆ ಬಂದು ಸ್ಕ್ರೀನ್ ನೋಡಿದ. ಅವನು ನಗಲಿಲ್ಲ. ಮೆಲ್ಲಗೆ, "ರೀಸ್ಟಾರ್ಟ್ ಮಾಡು," ಎಂದ.

ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಹಳೆಯ ಕನೆಕ್ಷನ್‌ಗಳೆಲ್ಲ ಕಡಿದುಹೋಗಿ ಹೊಸ ಹತ್ತು ಹುಟ್ಟುತ್ತವೆ. ಅದನ್ನು ಮೊದಲೇ ಮಾಡಬಹುದಿತ್ತು, ಆದರೆ ಬಗ್ ಹಿಡಿಯುವ ಆಸೆಯಿಂದ ಇಬ್ಬರೂ ಮುಟ್ಟಿರಲಿಲ್ಲ. ಈಗ ಮಾಡಿದೆ. ಎರಡು ನಿಮಿಷದಲ್ಲಿ ಸರ್ವರ್ ಎದ್ದಿತು. ಹತ್ತು. ಲತಾಳ ಸಾಲು ಬಿಡುಗಡೆಯಾಗಿತ್ತು. ಗಿರೀಶ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ನಾನು ನೀರು ಕುಡಿದು ಲೋಟ ಇಡುವಷ್ಟರಲ್ಲಿ ಅದು ಒಂಬತ್ತಾಯಿತು.

ಈ ಸಲ ಬನಶಂಕರಿ. ಇಪ್ಪತ್ತಾರು ವರ್ಷದ ಒಬ್ಬ ಗಂಡಸು. ಉದ್ಯೋಗ ಎಂಬಲ್ಲಿ ಟೂ ವೀಲರ್ ಮೆಕ್ಯಾನಿಕ್ ಎಂದಿತ್ತು.

ಹೊರಗೆ ಲತಾಳ ಮಕ್ಕಳು ಬಟ್ಟೆ ಕ್ಲಿಪ್ಪಿಗೆ ಜಗಳವಾಡುತ್ತಿದ್ದವು.

"ಇನ್ನೊಂದ್ಸಲ ಮಾಡೋಣ್ವಾ?" ಎಂದ ಗಿರೀಶ.

"ಮಾಡಿದ್ರ ಇನ್ಯಾರದೋ ಹೆಸರಿಗೆ ಹೋಗ್ತದ," ಎಂದೆ. ಭಯವಾದಾಗ ನನ್ನ ಬಾಯಲ್ಲಿ ಊರ ಮಾತೇ ಬರುತ್ತದೆ. "ತಿರುಗಿ ಲತಾ ಹೆಸರಿಗೇ ಬಂದ್ರ?"

ನಾನು ಮೌಸ್ ಬಿಟ್ಟು ಕೈ ಮಡಿಲಲ್ಲಿಟ್ಟುಕೊಂಡೆ. ಇಷ್ಟೇ ನಾನು ಮಾಡಿದ್ದು. ಓದುಗರು ಇದನ್ನು ಸರಿಯಾಗಿ ಗಮನಿಸಬೇಕು. ಇದೆಲ್ಲ ಸುಳ್ಳು, ಬರೀ ಕಾಕತಾಳೀಯ ಎಂದು ನಾನು ನಿಜವಾಗಿ ನಂಬಿದ್ದರೆ ಇನ್ನೊಮ್ಮೆ ರೀಸ್ಟಾರ್ಟ್ ಮಾಡಲು ನನಗೇನೂ ಅಡ್ಡಿ ಇರಲಿಲ್ಲ. ಇದು ನಿಜವೆಂದೇ ನಂಬಿದ್ದೆ, ಅದಕ್ಕೇ ಮಾಡಲಿಲ್ಲ. ಲತಾ ನನಗೆ ಗೊತ್ತಿದ್ದಳು. ಬನಶಂಕರಿಯವನು ಗೊತ್ತಿರಲಿಲ್ಲ.

ಆದರೂ ಮನಸ್ಸು ತಡೆಯದೆ ಐದು ಗಂಟೆಗೆ ಪಟ್ಟಿಯಲ್ಲಿದ್ದ ಅವನ ನಂಬರಿಗೆ ಫೋನ್ ಮಾಡಿದೆ. ರಕ್ತದಾನಿಗಳ ಕಡೆಯಿಂದ ಎಂದ ಕೂಡಲೇ ಅವನು, "ಹೇಳಿ ಮೇಡಂ, ಯಾವ ಆಸ್ಪತ್ರೆ? ಕೈ ತೊಳ್ಕೊಂಡು ಹಂಗೇ ಬಂದ್ಬಿಡ್ತೀನಿ," ಎಂದ. ಹಿಂದೆ ಯಾವುದೋ ಬೈಕು ಗುರುಗುಡುತ್ತಿತ್ತು. ನಾನು, "ಏನಿಲ್ಲ, ನಂಬರ್ ಸರಿ ಇದೆಯಾ ಅಂತ ನೋಡ್ತಿದ್ವಿ," ಎಂದೆ. "ಸರಿಯಾಗೇ ಇದೆ ಮೇಡಂ. ಯಾವಾಗ ಬೇಕಾದ್ರೂ ಮಾಡಿ." ಫೋನ್ ಇಡುವ ಮೊದಲು ನಾನು, "ಗಾಡಿ ನಿಧಾನಕ್ಕೆ ಓಡಿಸ್ರಿ," ಎಂದುಬಿಟ್ಟೆ. ಅವನು, "ಆಯ್ತು ಅಕ್ಕ," ಎಂದ. ಮೇಡಂ ಹೋಗಿ ಅಕ್ಕ ಆಗಿದ್ದೆ.

ಶುಕ್ರವಾರ ಒಂಬತ್ತು ಇತ್ತು. ಶನಿವಾರವೂ ಒಂಬತ್ತು. ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಹತ್ತು ಇತ್ತು. ನಾನು ಸರೋಜಾ ಮೇಡಂಗೆ ಫೋನ್ ಮಾಡಲಿಲ್ಲ. ಅವರೇ ಮಧ್ಯಾಹ್ನ ಮಾಡಿದರು. ಯಾವ ಹೆಸರೆಂದು ಅವರು ಹೇಳಿ ಮುಗಿಸುವ ಮೊದಲೇ ನಾನು ಆ ಸಾಲಿನ ಮೇಲೆ ಬೆರಳಿಟ್ಟಿದ್ದೆ. ಗಾಡಿಯಿಂದಲ್ಲವಂತೆ. ಎರಡು ದಿನದ ಜ್ವರ. "ಎಂಥಾ ಹುಡುಗ ಕಣಮ್ಮ, ಕರೆದಾಗೆಲ್ಲ ಬಂದವನು," ಎಂದು ಮೇಡಂ ಬಿಕ್ಕಿದರು. ನಾನು ಹೂಂ ಅಂದೆ. ಹೆಸರು ತೆಗೆದೆ.

ಆ ದಿನವೇ ಪೂಲಿಗಾಗಿ ಬರೆದದ್ದನ್ನೆಲ್ಲ ಸರ್ವರಿನ ಫೈಲಿನಿಂದ ಅಳಿಸಿದೆ. ಪ್ರತಿ ಅಪ್ಲಿಕೇಶನ್ನಿಗೂ ಹಿಂದಿನಂತೆ ಅದರದೇ ಕನೆಕ್ಷನ್ ಕೊಟ್ಟೆ. ಸರಿಯಾಗಿ ನಡೆಯುತ್ತಿದ್ದುದನ್ನು ಯಾಕೆ ಕೆಡಿಸಿದೆ ಎಂದು ಬಾಸ್ ಬೈದರು. ಹೊಸದರಲ್ಲಿ ಏನೋ ದೋಷವಿತ್ತು ಎಂದು ಹೇಳಿದೆ. ಸರ್ವರ್ ಮತ್ತೆ ವಾರಕ್ಕೆರಡು ಸಲ ನಿಲ್ಲತೊಡಗಿತು, ನಾನು ಮತ್ತೆ ಮತ್ತೆ ಬೈಸಿಕೊಂಡೆ. ಲತಾ ಯುಗಾದಿಗೆ ಕರೆದಳು. ತಲೆನೋವೆಂದು ಹೇಳಿ ಹೋಗಲಿಲ್ಲ. ಅವಳ ಮುಖ ನೋಡಿದರೆ ನಾನು ಎಂದೂ ನೋಡಿರದ ಆ ಬನಶಂಕರಿಯವನ ಮುಖ ಹೇಗಿತ್ತೋ ಎಂದು ಯೋಚನೆ ಶುರುವಾಗುತ್ತಿತ್ತು.

ಇದಕ್ಕೆ ವಿವರಣೆ ಹುಡುಕಿಲ್ಲವೆಂದಲ್ಲ. ಡೇಟಾಬೇಸಿನ ಆ ಆವೃತ್ತಿಯಲ್ಲಿ ದೋಷವಿರಬಹುದು. ಸಾಲುಗಳನ್ನು ಅದು ಎಲ್ಲೆಂದರಲ್ಲಿ ಹಿಡಿದಿರಬಹುದು. ಮೂವರ ಸಾವು ಆ ದಿನಗಳಿಗೆ ತಾಳೆಯಾದದ್ದು ಆಕಸ್ಮಿಕವಿರಬಹುದು. ನನಗಿಂತ ತಿಳಿದವರಿಬ್ಬರಿಗೆ ಹೇಳಿದ್ದೇನೆ, ಅವರೂ ಇದನ್ನೇ ಹೇಳಿದರು. ನಾನು ತಲೆ ಆಡಿಸಿದೆ. ಆದರೆ ಬರೀ ಆಕಸ್ಮಿಕವಾಗಿದ್ದರೆ ಅದು ಲತಾಳನ್ನು ಬಿಟ್ಟ ಕೂಡಲೇ, ನಾನು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ, ಇನ್ನೊಬ್ಬನನ್ನು ಯಾಕೆ ಹಿಡಿಯಿತು ಎಂಬ ಪ್ರಶ್ನೆ ನನ್ನಲ್ಲೇ ಉಳಿಯಿತು.

ನಾಲ್ಕು ತಿಂಗಳಾದ ಮೇಲೆ ನನಗೆ ಬೇರೆ ಕೆಲಸ ಸಿಕ್ಕಿತು. ಕೊನೆಯ ದಿನ ಸಂಜೆ ಗಿರೀಶ ಬಸ್ ಸ್ಟಾಪಿನವರೆಗೆ ಬಂದ. ಪೂಲ್ ತೆಗೆದ ಮಾತ್ರಕ್ಕೆ ಸಾಲನ್ನು ಯಾರು ಹಿಡಿದಿದ್ದಾರೆಂದು ತಿಳಿಯದೆ ಹೋಗುವುದಿಲ್ಲ. ಡೇಟಾಬೇಸಿನಲ್ಲಿ ಒಂದು ಪಟ್ಟಿ ತೆರೆದರೆ ಸಾಕು, ಯಾವಾಗ ಬೇಕಾದರೂ ಕಾಣುತ್ತದೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

"ಆಮೇಲೆ ಯಾವತ್ತಾದ್ರೂ ತೆಗೆದು ನೋಡಿದ್ಯಾ?" ಎಂದು ಕೇಳಿದ.

"ಇಲ್ಲ. ನೀನು?"

"ಇಲ್ಲಪ್ಪ."

ಬಸ್ಸು ಬಂತು, ಹತ್ತಿದೆ. ನಾನು ಹೇಳಿದ್ದು ನಿಜ. ಅವನು ಹೇಳಿದ್ದು ನಿಜವೋ ಅಲ್ಲವೋ ಗೊತ್ತಿಲ್ಲ. ಅದು ನಿಂತಿತೋ, ನಾವು ನೋಡುವುದನ್ನು ನಿಲ್ಲಿಸಿದೆವೋ, ಅದೂ ಗೊತ್ತಿಲ್ಲ.