ನೊಗ ತುಳಿದ ದಿನ

ಕಲ್ಲುಬಾನಿ ಅಷ್ಟು ಹಗುರವಾಗಿ ಎದ್ದುಬಿಟ್ಟಿತಲ್ಲ ಎಂದು ನೆನೆದರೆ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತವೆ.

ನಮ್ಮೂರು ಮೊಳಕಾಲ್ಮುರು ಸೀಮೆಯಲ್ಲಿ, ಕೊಂಡ್ಲಹಳ್ಳಿಯಿಂದ ಒಳಕ್ಕೆ. ಅಪ್ಪ ಕುರಿ ಕಾದವನು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಚಳ್ಳಕೆರೆಗೆ ಹೋಗಿ ಬಿ.ಎಸ್ಸಿ. ಮುಗಿಸಿದೆ. ಈಗ ಅಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಯಾರೂ ಎತ್ತಿ ಕೊಟ್ಟದ್ದಲ್ಲ, ಬೆವರು ಸುರಿಸಿ ಪಡೆದದ್ದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅವತ್ತು ಭಾನುವಾರ, ಊರಲ್ಲಿದ್ದೆ. ಕುರಿ ಕೂಡುವ ರೊಪ್ಪವನ್ನು ಮನೆ ಹಿಂದಿನ ದಿಬ್ಬಕ್ಕೆ ಬದಲಾಯಿಸಿದ್ದರು. ಹಳೆ ರೊಪ್ಪದಲ್ಲಿದ್ದ ಬಾನಿಯನ್ನೂ ಮೇಲಕ್ಕೆ ಒಯ್ಯಬೇಕಿತ್ತು. ಕುರಿಗಳು ನೀರು ಕುಡಿಯಲೆಂದು ಒಂದೇ ಬಂಡೆಯಲ್ಲಿ ಕಡೆದ ತೊಟ್ಟಿ ಅದು. ಇಂಥದ್ದನ್ನು ನಮ್ಮ ಕಡೆ ಹೊರುವುದಿಲ್ಲ. ಅದರಡಿಗೆ ದುಂಡನೆಯ ಜಾಲಿ ತುಂಡುಗಳನ್ನು ಹಾಕಿ ಹಗ್ಗ ಕಟ್ಟಿ ಎಳೆಯುತ್ತಾರೆ. ಬಾನಿ ಉರುಳಿಕೊಂಡು ಮುಂದೆ ಹೋದಂತೆ, ಹಿಂದೆ ಉಳಿದ ತುಂಡನ್ನು ಒಬ್ಬರು ಎತ್ತಿ ಮತ್ತೆ ಮುಂದಕ್ಕಿಡುತ್ತಾರೆ. ಆ ಕೆಲಸ ಅಪ್ಪನದು. ಹಗ್ಗ ಹಿಡಿದವರು ಚಿಕ್ಕಪ್ಪ ಮತ್ತು ಪಕ್ಕದ ಮನೆಯ ಅಣ್ಣತಮ್ಮಂದಿರಿಬ್ಬರು.

"ಏನ್ ಟೀಚರಮ್ಮಾ, ನೋಡ್ತಾ ನಿಂತಿದೀಯಲ್ಲ. ಓದಿದ ಕೈಗೆ ಬೊಬ್ಬೆ ಬರ್ತಾವೇನು?" ಎಂದ ಚಿಕ್ಕಪ್ಪ.

"ನನ್ ಕೈಗೆ ಬೊಬ್ಬೆ ಬಂದು ಒಡೆದು ಭಾಳ ದಿನ ಆತು. ನೀ ಎಳಿ ಚಿಕ್ಕಪ್ಪ."

ಬಯಲಿನಲ್ಲಿ ಎಳೆದು ರೂಢಿಯಾದವರು. ಏರಿನಲ್ಲಿ ಹೆಜ್ಜೆಗೊಮ್ಮೆ ಹಿಂದುಗಡೆ ಕಲ್ಲು ಆನಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಪ್ಪ ಬಗ್ಗಿ ತುಂಡಿಗೆ ಕೈ ಹಾಕಿದ್ದ. ಹಗ್ಗ ಹಿಡಿದವರಲ್ಲಿ ಒಬ್ಬನ ಕಾಲು ಜಾರಿತು. ಬಾನಿ ಹಿಂದಕ್ಕೆ ಉರುಳಿ, ತುಂಡುಗಳಿಂದ ಕೆಳಗಿಳಿದು ನಿಂತಿತು. ಅಪ್ಪನ ಮೊಣಕಾಲಿನ ಕೆಳಭಾಗ ಅದರಡಿ ಇತ್ತು. ಅವನು ಕೂಗಲೂ ಇಲ್ಲ. ಬಾಯಿ ಮಾತ್ರ ತೆರೆದಿತ್ತು.

ಮೂವರೂ ಓಡಿ ಬಂದು ಅಂಚಿಗೆ ಕೈ ಹಾಕಿದರು. ಕೂದಲೆಳೆಯಷ್ಟು ಎದ್ದಿತು, ಕೈ ಜಾರಿತು, ಮತ್ತೆ ಕೂತಿತು. ಈ ಸಲ ಅಪ್ಪನ ಬಾಯಿಂದ ಬಂದ ದನಿ ಮನುಷ್ಯರದ್ದು ಅನ್ನಿಸಲಿಲ್ಲ. ಅವರು ಮತ್ತೆ ಬಗ್ಗಿದರು.

"ಮುಟ್ಟಬ್ಯಾಡ್ರಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಹಾರೆ ಎಲ್ಲೈತೆ?"

ಹಾರೆಯನ್ನು ಬೇಲಿಗೂಟ ನೆಡಲು ಯಾರೋ ಒಯ್ದಿದ್ದರು. ಅಲ್ಲಿ ಉಳಿದಿದ್ದವು ಬರೀ ಪ್ಲಾಸ್ಟಿಕ್ ಪೈಪುಗಳು. ಆಗ ಕಣ್ಣಿಗೆ ಬಿದ್ದದ್ದು ಹಿತ್ತಲ ಗೋಡೆಯ ಮೇಲಿನ ನೊಗ. ಎತ್ತು ಮಾರಿ, ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲವಾಗಿದ್ದರೂ ಅಜ್ಜಿ ಅದಕ್ಕೆ ಸೋಮವಾರ ಅರಿಶಿನ ಕುಂಕುಮ ಹಚ್ಚುವುದನ್ನು ಬಿಟ್ಟಿರಲಿಲ್ಲ. ಹೆಣ್ಣುಮಕ್ಕಳು ನೊಗ ದಾಟಬಾರದು, ಅದರ ಮೇಲೆ ಕೂರಬಾರದು. ಇದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ.

ನೊಗ ಎಳೆದು ತಂದೆ. ಬಾನಿಯ ಅಂಚಿಗೆ ತೀರಾ ಹತ್ತಿರದಲ್ಲಿ ಒಂದು ಗಟ್ಟಿ ಕಲ್ಲು ಇಡಿಸಿದೆ. ಕಲ್ಲಿನ ಮೇಲಿಂದ ನೊಗದ ತುದಿಯನ್ನು ಬಾನಿಯಡಿಗೆ ತೂರಿಸಿದೆ. ಇನ್ನೊಂದು ತುದಿ ಉದ್ದಕ್ಕೆ ಮೇಲೆದ್ದು ನಿಂತಿತು. ಅಣ್ಣತಮ್ಮಂದಿರು ಬಾನಿ ಮತ್ತೆ ಜಾರದಂತೆ ಭುಜ ಕೊಟ್ಟು ನಿಂತರು. ಅಪ್ಪನನ್ನು ಎಳೆದುಕೊಳ್ಳಲು ಚಿಕ್ಕಪ್ಪ ಅವನ ಕಂಕುಳಿಗೆ ಕೈ ಹಾಕಿದ. ಕೂಗು ಕೇಳಿ ಓಡಿ ಬಂದ ಅವ್ವ ಅಪ್ಪನ ತಲೆ ಹಿಡಿದಿದ್ದಳು. ಒತ್ತಲು ಉಳಿದವಳು ನಾನೊಬ್ಬಳೇ. ಕೈಯಲ್ಲಿ ಒತ್ತಿದೆ, ಸಾಲಲಿಲ್ಲ. ಮೇಲೆ ಹತ್ತಬೇಕಿತ್ತು.

"ಬ್ಯಾಡ ಕಣೇ, ನೊಗ ಅದು. ಮನಿಗೆ ಒಳ್ಳೇದಲ್ಲ" ಎಂದಳು ಅವ್ವನ ಹಿಂದೆಯೇ ಬಂದಿದ್ದ ಅಜ್ಜಿ.

ನನ್ನ ಕಾಲು ನಿಜಕ್ಕೂ ನಿಂತುಬಿಟ್ಟಿತು. ಡಿಗ್ರಿ ಓದಿದ ಕಾಲು.

ಅಪ್ಪ ಕಣ್ಣು ಬಿಟ್ಟ. "ತುಳಿಯವ್ವ" ಎಂದ.

ತುಳಿದೆ. ನನ್ನ ಇಡೀ ಮೈಭಾರ ಹಾಕಿದೆ. ಮೂವರು ಗಂಡಸರಿಗೆ ಜಗ್ಗದ ಬಾನಿಯ ಅಂಚು, ಹಾಲಿನ ಪಾತ್ರೆಯ ಮುಚ್ಚಳ ತೆಗೆದಂತೆ ಎದ್ದಿತು. ಸನ್ನೆಗೋಲಿನ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಭಾರಕ್ಕೆ ಹತ್ತಿರ ಕಲ್ಲು, ದೂರದಲ್ಲಿ ನಾವು. ಅದು ಹೀಗೆ ನನ್ನ ಪಾದದ ಕೆಳಗೆ ನಿಜವಾದೀತೆಂದು ನನ್ನ ಮೈ ನಂಬಿರಲಿಲ್ಲ. ಚಿಕ್ಕಪ್ಪ ಅಪ್ಪನನ್ನು ಎಳೆದುಕೊಂಡದ್ದು, ಅವ್ವ ಅತ್ತದ್ದು ಎಲ್ಲ ಕಂಡಿತು. ಆದರೂ ನಾನು ನೊಗದ ಮೇಲೇ ನಿಂತಿದ್ದೆ.

"ಇಳಿಯವ್ವ, ಮುಗೀತು" ಎಂದು ಚಿಕ್ಕಪ್ಪ ತೋಳು ಹಿಡಿದು ಇಳಿಸಿದ. ಇಳಿದ ಮೇಲೆ ಹಲ್ಲು ಕಟಕಟ ಅನ್ನತೊಡಗಿದವು. ಮೊಳಕಾಲ್ಮುರು ಆಸ್ಪತ್ರೆ ಮುಟ್ಟುವವರೆಗೂ ನಿಲ್ಲಲಿಲ್ಲ.

ಮೂಳೆ ಮುರಿದಿತ್ತು, ಕಾಲು ಉಳಿಯಿತು. ಕಟ್ಟು ಹಾಕಿಸಿಕೊಂಡು ಮನೆಗೆ ಬಂದ ಅಪ್ಪ ಮಂಚದಿಂದಲೇ ಹಿತ್ತಲು ನೋಡಿದ. ಗೋಡೆ ಬರಿದಾಗಿತ್ತು. ಮೈಲಿಗೆಯಾಯಿತೆಂದು ಅಜ್ಜಿ ನೊಗವನ್ನು ದಿಬ್ಬದಲ್ಲೇ ಬಿಟ್ಟಿದ್ದಳು.

"ತಗೊಂಬಂದು ನೀನೇ ಇಡವ್ವ" ಎಂದ ನನಗೆ. ಅಜ್ಜಿ ಮುಖ ತಿರುಗಿಸಿದಳು, ಬೇಡವೆನ್ನಲಿಲ್ಲ.

ಒಬ್ಬಳೇ ಹೊತ್ತು ತಂದೆ, ಗೋಡೆಗೆ ಎತ್ತಿಟ್ಟೆ. ಬಾನಿಗಿಂತ ನೊಗವೇ ಭಾರ ಅನ್ನಿಸಿತು.