ಚಂದದ ಅಕ್ಷರದ ಹೇಸಿಗೆ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಾನು ದಾಂಡೇಲಿಯ ಒಬ್ಬ ಕಂತ್ರಾಟದಾರರ ಕಟ್ಟಿಗೆ ಡಿಪೋದಲ್ಲಿ ಕಾರಕೂನನಾಗಿದ್ದೆ. ನನ್ನ ಅಕ್ಷರ ದುಂಡಗಿತ್ತು. ಅರಣ್ಯ ಇಲಾಖೆಯ ಯಾವ ಸಾಹೇಬರು ವರ್ಗವಾಗಿ ಹೋದರೂ ಬೀಳ್ಕೊಡುಗೆಯ ಹೊಗಳಿಕೆ ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಅಷ್ಟಕ್ಕೇ ನಾನು ಬರಹಗಾರನೆಂದು ಬೀಗುತ್ತಿದ್ದೆ.

ಮಳೆಗಾಲದ ಒಂದು ಬೆಳಿಗ್ಗೆ ಸಾಗವಾನಿ ದಿಮ್ಮಿ ಜಾರಿ ಒಬ್ಬ ಹಮಾಲನ ಬಲಗೈ ಜಜ್ಜಿಹೋಯಿತು. ದಿಮ್ಮಿ ಕಟ್ಟುವ ಹಗ್ಗ ಸವೆದಿದೆ ಎಂದು ಅವನು ಹಿಂದಿನ ವಾರವೇ ನನ್ನೆದುರು ಹೇಳಿದ್ದ.

"ಅವನ ತಪ್ಪಿಂದನ ಆತು ಅಂತ ರಿಪೋರ್ಟ್ ಬರಿ. ಛಂದಾಗಿ ಬರಿ," ಎಂದರು ಕಂತ್ರಾಟದಾರರು, ಬಾಯ್ತುಂಬ ಎಲೆಯಡಿಕೆ ಜಗಿಯುತ್ತ.

ಬರೆದೆ. ಅವರು ಓದಿ "ಭೇಷ್" ಎನ್ನುವಾಗ ಕೆಂಪು ಉಗುಳು ಕಾಗದದ ಅಂಚಿಗೆ ಸಿಡಿಯಿತು. ಅದನ್ನು ಧೋತರದ ಚುಂಗಿನಿಂದ ಒರೆಸಿ, ನಗುತ್ತ ಮತ್ತೆ ಅವರ ಕೈಗಿತ್ತೆ. ಆ ನಗೆ ನೆನೆದರೆ ಈಗಲೂ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮರುದಿನದಿಂದ ಡಿಪೋದ ಗಂಟೆ ಹೊಡೆಯುವ ಮೊದಲು ದಿನಕ್ಕೊಂದು ಪುಟ ಬರೆಯತೊಡಗಿದೆ, ಆ ಬೆಳಗಿನ ಕಥೆಯನ್ನು. ಹಾಳು ಕೈ ಮಾತು ಕೇಳಲಿಲ್ಲ, ಅಂದಗಾಣಿಸುವ ಚಾಳಿ ಬಿಡಲಿಲ್ಲ. ವಾರದ ಕೊನೆಗೆ ಓದಿದರೆ ರಕ್ತ ದಾಸವಾಳವಾಗಿತ್ತು, ನರಳಿಕೆ ಕೊಳಲಾಗಿತ್ತು. ಅಸಹ್ಯಪಟ್ಟು ಒಲೆಗೆ ತುರುಕಿದೆ. ಮತ್ತೆ ಬರೆದೆ.

ತಿಂಗಳ ಮೇಲೆ ಆ ಪುಟಗಳನ್ನು ಹಿಡಿದು ಹಮಾಲನ ಮನೆಗೆ ಹೋದೆ. ರಿಪೋರ್ಟ್ ಬರೆದವನು ನಾನೇ ಎಂದು ಮೊದಲು ಒಪ್ಪಿಕೊಂಡೆ. ಅವನ ಹೆಂಡತಿ ಮುಖ ತಿರುಗಿಸಿ, "ಮತ್ತೇನ ಬರ್ಕೊಂಡ ಬಂದೀರಿ?" ಎಂದಳು. ಓದಿದೆ.

"ಹೊಳಿ ಐತಿ, ಮಳಿ ಐತಿ," ಎಂದ ಅವನು. "ಹಗ್ಗ ಎಲ್ಲೈತ್ರಿ, ಕಾರಕೂನ್ರ?"

ಕಂತ್ರಾಟದಾರರ ಹೆದರಿಕೆಯಿಂದ ಹಗ್ಗವನ್ನೇ ಬಿಟ್ಟಿದ್ದೆ. ನನ್ನ ಮೇಲೆ ನಾನೇ ಉಗುಳಿಕೊಳ್ಳುವಂತಾಯಿತು.

ಮತ್ತೆಷ್ಟೋ ಬೆಳಗುಗಳು ಹೋದವು. ಕೊನೆಗೊಮ್ಮೆ ಹಗ್ಗವನ್ನೂ ಸೇರಿಸಿ ಓದಿದಾಗ ಅವನು ಕಣ್ಣು ಮುಚ್ಚಿ ಕೇಳಿ, "ಹೂಂ, ಹಿಂಗ ಆಗಿತ್ತು ನೋಡ್ರಿ," ಎಂದ. ಅವನ ಹೆಂಡತಿ ಚಹಾ ಕೊಟ್ಟಳು.

ಪತ್ರಿಕೆಯೊಂದು ಅದನ್ನು 'ಸೊಗಸಿಲ್ಲ' ಎಂದು ಹಿಂದಿರುಗಿಸಿತು. ನಾನೇ ಹುಬ್ಬಳ್ಳಿಗೆ ಹೋಗಿ ಸಣ್ಣ ಪುಸ್ತಕ ಮಾಡಿಸಿ, ಹಳಿಯಾಳದ ಸಂತೆಯಲ್ಲಿ ನಿಂತು ಮಾರಿದೆ. ಕಂತ್ರಾಟದಾರರು ಕೆಲಸದಿಂದ ತೆಗೆದರು. ಮುಂಡಗೋಡದ ಒಂದು ಕಿರಾಣಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಬಾಗಿಲು ತೆಗೆಯುವ ಮೊದಲು ಒಂದು ಪುಟ ಬರೆಯುತ್ತಿದ್ದೆ. ಚೆನ್ನಾಗಿದೆಯೇ ಎಂದು ಯಾರನ್ನೂ ಕೇಳುವ ಚಪಲ ಉಳಿದಿರಲಿಲ್ಲ.